ಹುಸೇನಬಿಯ ಎರಡು ಫೋನು, ಒಂದು ರಿಂಗ್

ಹುಸೇನಬಿ ಮಾತಾಡುತ್ತಿಲ್ಲ. ಮಾತಾಡುವಂತಿಲ್ಲ. ಬಾಯಲ್ಲಿ ಸಿಮ್ ಇದೆ.

ಶುಕ್ರವಾರ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ, ಕಾಳಿ ಹೊಳೆಯ ಮೇಲೆ ಮಂಜು ಹಾಸಿಕೊಂಡು ಬಿದ್ದಿದೆ. ಜಾಂಬಳ, ಅಂದರೆ ನೇರಳೆ ಮರದ ಬುಡದಲ್ಲಿ, ಬೇರಿಗೆ ಕಟ್ಟಿದ ದೋಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತ ಈ ಐವತ್ತರ ಹೆಂಗಸಿನ ಮಡಿಲಲ್ಲಿ ಎರಡು ಫೋನುಗಳಿವೆ. ಒಂದು ಹಳೆಯದು, ಗುಂಡಿ ಒತ್ತುವುದು. ಅದರ ಅಂಕಿಗಳು ಉಜ್ಜಿ ಉಜ್ಜಿ ಅಳಿಸಿಹೋಗಿವೆ, ಬೆನ್ನು ಬಿಚ್ಚಿ ಪಕ್ಕಕ್ಕಿದೆ, ಬ್ಯಾಟರಿ ಸೀರೆಯ ನಿರಿಗೆಯಲ್ಲಿ ಕೂತಿದೆ. ಇನ್ನೊಂದು ಹೊಸದು, ಗಾಜಿನದು, ಕನ್ನಡಿಯ ಹಾಗೆ ಹೊಳೆಯುತ್ತದೆ. ಹುಸೇನಬಿ ಸೆರಗಿನ ಪಿನ್ನು ಬಿಚ್ಚಿ ಹೊಸ ಫೋನಿನ ಪಕ್ಕೆಯ ಸಣ್ಣ ತೂತಿಗೆ ಚುಚ್ಚುತ್ತಾರೆ. ಪುಟ್ಟ ತಟ್ಟೆಯೊಂದು ನಾಲಿಗೆ ಚಾಚಿದಂತೆ ಹೊರಬರುತ್ತದೆ. ತುಟಿಯ ಸಿಮ್ ತೆಗೆದು, ಸೆರಗಿಗೆ ಒರೆಸಿ, ಅದರಲ್ಲಿ ಕೂರಿಸಿ ಒಳಗೆ ತಳ್ಳುತ್ತಾರೆ.

"ನೆಲದ ಮ್ಯಾಲ ಇಡಬಾರದ್ರಿ ಇದನ್ನ. ಒಂದ ಸಲ ಇಟ್ಟಿದ್ದೆ, ಕೋಳಿ ಕುಕ್ಕಿಕೊಂಡು ಓಡಿತ್ತು. ಊರ ಮಂದಿ ಎಲ್ಲಾ ಕೂಡಿ ಕೋಳಿ ಬೆನ್ನ ಹತ್ತಿದ್ವಿ," ಎಂದು ಬಾಯಿ ಖಾಲಿಯಾದ ಕೂಡಲೇ ಹೇಳುತ್ತಾರೆ. ಆಮೇಲೆ ನನ್ನ ಕಡೆ ತಿರುಗುತ್ತಾರೆ. "ಸಾಹೇಬ್ರ, ನೀವು ಓದಿದವ್ರ ಅದೀರಿ. ಖರೇ ಹೇಳ್ರಿ. ಈ ಎರಡರಾಗ ಯಾವುದು ಛಲೋ?"

ಇವರ ಬಗ್ಗೆ ಬರೆಯಲೆಂದು ಪ್ರಶ್ನೆ ಕೇಳಲು ಬಂದವನು ನಾನು. ಪೆನ್ನು ಹಿಡಿದು ಕೂತವನೂ ನಾನೇ. ಆದರೆ ನಿನ್ನೆ ಬೆಳಗಿನಿಂದ ಈ ಹೊಳೆದಂಡೆಯಲ್ಲಿ ಪ್ರಶ್ನೆಯೆಲ್ಲ ಅವರದು, ತಲೆ ಕೆರೆದುಕೊಳ್ಳುವ ಕೆಲಸವೆಲ್ಲ ನನ್ನದು. ಹೊಸದೇ ಒಳ್ಳೆಯದಲ್ಲವೇ ಎಂದರೆ ಒಂದು ಕಥೆ ಹೇಳುತ್ತಾರೆ. ಹಾಗಾದರೆ ಹಳೆಯದೇ ಇರಲಿ ಎಂದರೆ ಇನ್ನೊಂದು ಕಥೆ ಹೇಳಿ ಕಣ್ಣು ಒರೆಸಿಕೊಳ್ಳುತ್ತಾರೆ.

ಹೊಸ ಫೋನಿನ ಗಾಜಿನ ಮೇಲೆ ಸಣ್ಣ ಚಕ್ರವೊಂದು ತಿರುಗುತ್ತಿದೆ. ಇಂಟರ್‌ನೆಟ್ ಅನ್ನುವುದು ಹೊಳೆಯ ಈ ತಿರುವಿನಲ್ಲಿ ಜಾಂಬಳ ಮರದ ಬುಡಕ್ಕೆ ಮಾತ್ರ ಬರುತ್ತದೆ, ಅದೂ ಅದರ ಮನಸ್ಸು ಬಂದಾಗ. ನನ್ನ ಫೋನು ಬೇರೆ ಕಂಪನಿಯದು, ಅದಕ್ಕಂತೂ ಇಲ್ಲಿ ಸಿಗ್ನಲಿನ ಒಂದು ಕಡ್ಡಿಯೂ ಇಲ್ಲ. "ತಿರಗಾಕ ಹತ್ತೇತಿ," ಅನ್ನುತ್ತಾರೆ ಹುಸೇನಬಿ. "ಇದು ತಿರಗೂದು ಮುಗಿಯೂದ್ರೊಳಗ ನಾ ಎರಡ ಸಲ ಆಚಿ ದಂಡಿಗೆ ಹೋಗಿ ಬರ್ತೇನಿ." ಚಕ್ರ ತಿರುಗುತ್ತಿರಲಿ. ಅಷ್ಟರಲ್ಲಿ ಇವರು ಯಾರು, ಎರಡು ಫೋನಿನ ಈ ಫಜೀತಿ ಏನು ಎಂದು ಹೇಳಿಬಿಡುತ್ತೇನೆ.

ದಾಂಡೇಲಿಯ ಆಚೆ, ಕೋಗಿಲಬನದಿಂದ ಕೆಳಗೆ ಹೊಳೆ ಒಂದು ಗುಡ್ಡವನ್ನು ಸುತ್ತಿ ಹರಿಯುವ ಕಡೆ ಜಾಂಬಳಗುಂಡಿ ಇದೆ. ಈ ದಂಡೆಯಲ್ಲಿ ಸಿದ್ದಿಗಳ ಒಂದಿಷ್ಟು ಮನೆ, ಆಚೆ ದಂಡೆಯಲ್ಲಿ ದನ ಕಟ್ಟಿಕೊಂಡಿರುವವರ ನಾಲ್ಕು ಮನೆ. ಸೇತುವೆ ಹಿಡಿದು ಹೋದರೆ ಅರ್ಧ ದಿನದ ದಾರಿ. ಹಾಗಾಗಿ ಆಚೆಯ ಹಾಲು ಈಚೆ ಬರಬೇಕಾದರೂ, ದಾಂಡೇಲಿಯ ಹೋಟೆಲುಗಳಲ್ಲಿ ಪಾತ್ರೆ ತೊಳೆಯುವ ಹೆಂಗಸರು ಕೆಲಸಕ್ಕೆ ಹೋಗಬೇಕಾದರೂ, ರೇಷನ್ ಅಕ್ಕಿ ಆಚೆ ಸೇರಬೇಕಾದರೂ ಹುಸೇನಬಿಯ ದೋಣಿಯೇ ಗತಿ. ದಿನಕ್ಕೆ ಹದಿನೈದೋ ಇಪ್ಪತ್ತೋ ಸಲ ದಾಟುತ್ತಾರೆ, ಎಣಿಸಿದವರಿಲ್ಲ. ಹೊಳೆಯಲ್ಲಿ ಮೊಸಳೆಗಳಿವೆ, ಈಜಿ ದಾಟುವ ಶೂರರು ಯಾರೂ ಇಲ್ಲ.

ದೋಣಿ ಮಾವನದಾಗಿತ್ತು, ಆಮೇಲೆ ಗಂಡ ಇಮಾಮಸಾಬರದು. ಅವರು ಕಾಮಾಲೆಯಲ್ಲಿ ತೀರಿಕೊಂಡಾಗ ಮಗಳು ನೀಲಂ ಇನ್ನೂ ಶಾಲೆಗೆ ಹೋಗುತ್ತಿದ್ದಳು. ದೋಣಿ ಮಾರಿಬಿಡು ಅಂದವರೇ ಎಲ್ಲ. ಹುಸೇನಬಿ ಮಾರಲಿಲ್ಲ, ಹುಟ್ಟು ಹಿಡಿದರು. "ಹೆಂಗಸಿನ ದೋಣಿ ನಾವು ಹತ್ತಂಗಿಲ್ಲ ಅಂದವ್ರೂ ಇದ್ರು. ಬ್ಯಾಡ್ರಪಾ, ಮೊಸಳಿ ಮ್ಯಾಲ ಕುಂತು ಹೋಗ್ರಿ ಅಂದೆ. ಮರುದಿನ ಅವ್ರ ಬಂದು ಮೊದಲ ಹತ್ತಿದ್ರು." ಇಷ್ಟು ಹೇಳಿ ಅವರು ನಗುವ ನಗು ಹೊಳೆಯ ಆಚೆ ದಂಡೆಗೂ ಕೇಳುವಂಥದ್ದು.

ಆದರೆ ದಾಟಿಸುವುದಷ್ಟೇ ಇವರ ಕೆಲಸವಲ್ಲ. ಮೇಲೆ ಸೂಪಾ ಅಣೆಕಟ್ಟಿನ ಕಡೆ ಕರೆಂಟಿನ ಲೆಕ್ಕಕ್ಕೆ ನೀರು ಬಿಟ್ಟಾಗ ಕೆಳಗಿನ ಹೊಳೆ ಏರುತ್ತದೆ. ಎಚ್ಚರಿಕೆ ಬೋರ್ಡುಗಳಿವೆ, ಎಲ್ಲರಿಗೂ ಗೊತ್ತಿದೆ. ಗೊತ್ತಿಲ್ಲದೇ ಇರುವುದು ಇವತ್ತು ಯಾವ ಹೊತ್ತಿಗೆ ಅನ್ನುವುದು. ಆಚೆ ದಂಡೆಯಲ್ಲಿ ದೋಣಿ ಹತ್ತಲು ನಿಲ್ಲುವ ಜಾಗ ಎಮ್ಮೆಬಂಡೆ, ಹೊಳೆಯೊಳಕ್ಕೆ ಚಾಚಿದ ಒಂದು ದಪ್ಪ ಕಲ್ಲು. ಅದಕ್ಕೂ ದಂಡೆಗೂ ನಡುವೆ ತಗ್ಗಿನ ಮರಳಿದೆ. ನೀರು ಏರಿದಾಗ ಬಂಡೆ ಮುಳುಗುವುದು ಆಮೇಲೆ, ಮೊದಲು ಮುಳುಗುವುದು ಬೆನ್ನ ಹಿಂದಿನ ಮರಳು. ಬಂಡೆಯ ಮೇಲೆ ನಿಂತವರು ಮುಂದೆ ನೋಡುತ್ತ ನಿಂತಿರುತ್ತಾರೆ, ಹಿಂದಿನ ದಾರಿ ಹೋಗಿಯೇಬಿಟ್ಟಿರುತ್ತದೆ.

ಅದಕ್ಕೇ ಇಲ್ಲೊಂದು ಏರ್ಪಾಡಿದೆ. ಮೇಲೆ ಸೇತುವೆಯ ಹತ್ತಿರ ಇಮಾಮಸಾಬರ ಹಳೆಯ ಗೆಳೆಯ ಪೀರಸಾಬ ಚಹಾದ ಅಂಗಡಿ ಇಟ್ಟುಕೊಂಡಿದ್ದಾರೆ. ಅಂಗಡಿಯ ಎದುರು ಹೊಳೆಯಲ್ಲಿರುವ ಒಂದು ಕಲ್ಲು ಮುಳುಗಿತೋ, ಕೆಟಲು ಕೆಳಗಿಟ್ಟು ಹುಸೇನಬಿಗೆ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಾರೆ. ಹುಸೇನಬಿ ಆಚೆ ದಂಡೆಯ ಶಿವವ್ವನಿಗೆ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಾರೆ. ಶಿವವ್ವ ಹಾಲಿನ ಕ್ಯಾನು ಬಡಿದು ಉಳಿದವರನ್ನು ಮೇಲೆ ಹತ್ತಿಸುತ್ತಾಳೆ. ಒಂದು ರಿಂಗ್ ಅಂದರೆ ನೀರು ಬಂತು, ದಂಡೆ ಬಿಡಿ. ಎರಡು ರಿಂಗ್ ಅಂದರೆ ದೋಣಿ ಬಿಡುತ್ತಿದೆ, ಬಂಡೆಗೆ ಬನ್ನಿ. ಫೋನನ್ನು ಯಾರೂ ಎತ್ತಬಾರದು. ಎತ್ತಿದವರಿಗೆ ಬೈಗುಳ.

ಒಂದು ಮಾತಿಗೂ ದುಡ್ಡು ಬೀಳುತ್ತಿದ್ದ ಕಾಲದ ಪದ್ಧತಿ ಇದು. ಈಗ ಎಷ್ಟು ಮಾತಾಡಿದರೂ ಅಷ್ಟೇ ಅಲ್ಲವೇ, ಬಾಯಿಬಿಟ್ಟು ಹೇಳಬಹುದಲ್ಲ ಎಂದು ನಿನ್ನೆ ಶಿವವ್ವನನ್ನು ಕೇಳಿದೆ. ಅರವತ್ತು ದಾಟಿದ ಗಟ್ಟಿ ಹೆಂಗಸು, ಹಾಲು ಹಾಕಿ ಸಂಸಾರ ನಡೆಸಿದವಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮಾತಾಡಾಕ ಕುಂತ್ರ 'ಊಟ ಆತೇನು, ಎಮ್ಮಿ ಈಯ್ತೇನು' ಅನ್ನೂದ್ರಾಗ ನೀರು ಸೊಂಟಕ್ಕ ಬಂದಿರತೈತಿ. ಹೆಂಗಸ್ರ ಫೋನ್ ಹೆಂಗಿರತೈತಿ ಅಂತ ನಿಮಗ ಗೊತ್ತಿಲ್ಲೇನ್ರಿ?"

ಹುಸೇನಬಿಯ ಹಳೆಯ ಫೋನು ಈ ಕೆಲಸಕ್ಕೆಂದೇ ಹುಟ್ಟಿದಂತಿದೆ. ಒಂದು ಕೈ ಹುಟ್ಟಿನ ಮೇಲೆ, ಕಣ್ಣು ನೀರಿನ ಮೇಲೆ, ಇನ್ನೊಂದು ಕೈ ಸೊಂಟದ ಸಂಚಿಯೊಳಗೆ. ಹೆಬ್ಬೆರಳು ತಾನೇ ಹುಡುಕಿಕೊಂಡು ಹಸಿರು ಗುಂಡಿ ಒತ್ತುತ್ತದೆ, ಒಂದು ಸಲ 'ಟ್ರೂಂ' ಅಂದದ್ದು ಕೇಳಿ ಕೆಂಪು ಗುಂಡಿ ಒತ್ತುತ್ತದೆ. ಫೋನನ್ನು ಹೊರಗೆ ತೆಗೆಯುವುದೇ ಇಲ್ಲ. ಕೈ ಒದ್ದೆಯಿರಲಿ, ಮೀನಿನ ಜಿಡ್ಡಿರಲಿ, ಮಳೆ ಇರಲಿ, ಗುಂಡಿಗೆ ಅದರ ಹಂಗಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಬದುಕಿನೊಳಗೆ ಗಾಜಿನ ಫೋನು ಬಂದದ್ದು ನೀಲಂಳಿಂದ.

ನೀಲಂ ಹೋದ ವರ್ಷ ಮದುವೆಯಾಗಿ ಮುಂಡಗೋಡ ಕಡೆಯ ಮಳಗಿಗೆ ಹೋದಳು. ಗಂಡ ರಫೀಕ ಬೈಕ್ ರಿಪೇರಿ ಮಾಡುತ್ತಾನೆ, ಒಳ್ಳೆಯ ಹುಡುಗ. ಈಗ ನೀಲಂಗೆ ಏಳು ತಿಂಗಳು. ಬಸ್ಸಿನ ಕುಲುಕಾಟ ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ನಿಜ, ಆದರೆ ತವರಿಗೆ ಆಸ್ಪತ್ರೆ ದೂರ, ಹೊಳೆ ಹತ್ತಿರ. ಅಲ್ಲೇ ಆಗಲಿ ಎಂದು ಎರಡೂ ಕಡೆಯವರು ಒಪ್ಪಿದ್ದಾರೆ. ದೋಣಿ ಬಿಟ್ಟು ಹುಸೇನಬಿಗೆ ಮಳಗಿಗೆ ಹೋಗಲಾಗದು. ಹೋದರೆ ಹುಟ್ಟು ಯಾರು ಹಿಡಿಯಬೇಕು, ರಿಂಗ್ ಯಾರು ಕೊಡಬೇಕು? ಶಿವವ್ವನ ಮಗ ರುದ್ರೇಶ ತಾನು ನೋಡಿಕೊಳ್ಳುತ್ತೇನೆ ಅನ್ನುತ್ತಾನೆ. "ಅವನ ಕೈಯಾಗ ದೋಣಿ ಗಿರಿಗಿರಿ ತಿರಗತೈತ್ರಿ, ಜಾತ್ರ್ಯಾಗಿನ ತೊಟ್ಟಿಲದಂಗ," ಎಂದು ಹುಸೇನಬಿ ಆ ಮಾತನ್ನು ಅಲ್ಲಿಗೇ ಮುಗಿಸುತ್ತಾರೆ.

ಹೋಗಲಿ, ಮುಖವನ್ನಾದರೂ ನೋಡಲಿ ಎಂದು ನೀಲಂ ತನ್ನ ಹೊಲಿಗೆಯ ದುಡ್ಡು ಕೂಡಿಸಿ ಫೋನು ಕೊಂಡು, ರಫೀಕನ ಕೈಯಲ್ಲಿ ಕಳಿಸಿದಳು. ತಾಯಿಗೆ ಓದಲು ಕಷ್ಟವೆಂದು ಪ್ರತಿ ಹೆಸರಿನ ಎದುರು ಅವರವರ ಫೋಟೋ ಹಾಕಿಸಿದಳು. ಕೆಟಲು ಹಿಡಿದ ಪೀರಸಾಬ, ಎಮ್ಮೆಯ ಕೊರಳು ತಬ್ಬಿದ ಶಿವವ್ವ. ಹಳೆಯ ಫೋನಿನಲ್ಲಿ ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲಿರುತ್ತಿದ್ದವು, ಹುಸೇನಬಿ ನಂಬರಿನ ಕೊನೆಯ ಎರಡು ಅಂಕಿ ನೋಡಿಯೇ ಯಾರೆಂದು ಹಿಡಿಯುತ್ತಿದ್ದರು. "ಮೊದಲನೇ ಸಲ ನೀಲಂ ಮಾರಿ ಇದರಾಗ ಬಂದಾಗ ನಾ ಸುಮ್ಮನ ಕುಂತೆ ನೋಡ್ರಿ. ಗಾಜಿಗೆ ಕೈ ಸವರಿದೆ. ಸವರಿದ ಕೂಡ್ಲೆ ಮಾರಿ ಹೋತು, ಬ್ಯಾರೆ ಏನೋ ಬಂತು. ಅತ್ತೇ ಬಿಟ್ಟೆ." ಈಗ ಹೇಳುವಾಗ ನಗುತ್ತಾರೆ. ಆವತ್ತು ನಕ್ಕಿರಲಿಕ್ಕಿಲ್ಲ.

ಆ ವಾರವೇ ಆ ಅನಾಹುತ ಆದದ್ದು. ಆಗಿಬಿಡುತ್ತಿದ್ದದ್ದು, ಅನ್ನಬೇಕು.

ಸಿಮ್ ಹೊಸ ಫೋನಿಗೆ ಹೋಗಿತ್ತು. ಪೀರಸಾಬರ ಒಂದು ರಿಂಗ್ ಬಂತು. ಹುಸೇನಬಿ ಶಿವವ್ವನ ಫೋಟೋ ಮುಟ್ಟಿ, ಕಿವಿಗಿಟ್ಟುಕೊಂಡು, 'ಟ್ರೂಂ' ಅಂದದ್ದು ಕೇಳಿ ಕಟ್ ಮಾಡಲು ಫೋನು ಕೆಳಗಿಳಿಸಿದರು. ಗಾಜು ಕಪ್ಪಾಗಿತ್ತು! ಕಿವಿಗೆ ಹಿಡಿದರೆ ಅದು ಕಣ್ಣು ಮುಚ್ಚಿಕೊಳ್ಳುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದು ಕಣ್ಣು ಬಿಟ್ಟು ಕೆಂಪು ಚುಕ್ಕೆ ತೋರಿಸುವಷ್ಟರಲ್ಲಿ ಇನ್ನೊಂದು 'ಟ್ರೂಂ' ಆಗಿಹೋಯಿತು. ಒದ್ದೆ ಬೆರಳಿನಿಂದ ಒತ್ತಿದರು, ತಿಕ್ಕಿದರು, ಕುಟ್ಟಿದರು. ಮೂರನೆಯದು ಶುರುವಾಗುವ ಮುಂಚೆ ಹೇಗೋ ಕಟ್ ಆಯಿತು.

ಆಚೆ ದಂಡೆಯಲ್ಲಿ ಶಿವವ್ವ ಎಣಿಸಿದಳು. ಎರಡು. ದೋಣಿ ಬಿಟ್ಟಿತು ಎಂದು ಹಾಲಿನ ಕ್ಯಾನು ಹೊತ್ತು ಎಮ್ಮೆಬಂಡೆಗೆ ಬಂದು ನಿಂತಳು.

"ಬ್ಯಾಡ ಬ್ಯಾಡ ಅಂತ ಗಂಟಲ ಹರಕೊಂಡೆ. ಮ್ಯಾಲಿನ ಬಂಡಿಗೋಳ ಮ್ಯಾಲ ನೀರ ಬೀಳೂ ಸದ್ದಿನೊಳಗ ನನ್ನ ದನಿ ನನಗ ಕೇಳ್ಸಂಗಿಲ್ಲ. ಆಕಿ ಕೈ ಬೀಸಿದ್ಲು, ಬಾ ಬಾ ಅಂತ!" ನೀರು ಬೆನ್ನಿನಿಂದ ಬಂತು. ಹುಸೇನಬಿ ಏರುವ ಹೊಳೆಯಲ್ಲೇ ದೋಣಿ ಬಿಟ್ಟರು. ಬಂಡೆಗೆ ಬಡಿದು ದೋಣಿಯ ಮೂಲೆ ಸೀಳಿತು, ತಗಡು ಬಡಿದ ತೇಪೆ ಇವತ್ತಿಗೂ ಇದೆ. ಶಿವವ್ವ ಹಾರಿ ಒಳಗೆ ಬಿದ್ದಳು, ಕ್ಯಾನು ಹೊಳೆಪಾಲಾಯಿತು. ಈಚೆ ದಂಡೆಗೆ ಇಳಿದ ಮೇಲೆ ಶಿವವ್ವ ಒಂದೇ ಮಾತು ಅಂದಳಂತೆ: "ಏ ಹುಸೇನಬೀ, ನೀ ಎರಡ ಹೊಡದಿ. ನಾ ಬರೋಬ್ಬರಿ ಎಣಿಸೇನಿ."

ಆ ದಿನ ಹುಸೇನಬಿ ಊಟ ಮಾಡಲಿಲ್ಲ. "ಹೊಳಿ ಮಂದೀನ ಒಯ್ದಿದ್ದು ನೋಡೇನ್ರಿ. ಅದು ಹೊಳಿ ಗುಣ. ಆದ್ರ ಶಿವವ್ವ ಹೋಗಿದ್ರ ಹೊಳಿ ಒಯ್ತು ಅನ್ನಾಕ ಬರತಿರಲಿಲ್ಲ. ನಾ ಕರದು ನಿಲ್ಲಿಸಿದಂಗ ಆಗತಿತ್ತು." ಹೊಸ ಫೋನು ಅಕ್ಕಿ ಡಬ್ಬಿಯ ತಳ ಸೇರಿತು.

ಎರಡು ಫೋನಿಗೆ ಎರಡು ಸಿಮ್ ಹಾಕಿದರೆ ಮುಗಿಯಿತಲ್ಲ ಎಂದು ನೀವು ಅನ್ನುತ್ತೀರಿ. ನಾನೂ ಬಹಳ ಜಾಣನಂತೆ ಹಾಗೇ ಅಂದೆ. ಅದನ್ನೂ ಮಾಡಿ ನೋಡಿದ್ದಾರೆ. ಒಂದು ತಿಂಗಳು ಸಂಚಿಯಲ್ಲಿ ಎರಡೂ ಫೋನು ಇದ್ದವು. ಅವಸರದಲ್ಲಿ ಕೈಗೆ ಬಂದದ್ದರಿಂದ ರಿಂಗ್ ಕೊಟ್ಟರು, ಅದು ಹೊಸ ನಂಬರು. ಆಚೆ ಶಿವವ್ವ ಗುರುತಿಲ್ಲದ ನಂಬರು ನೋಡಿ, ಎತ್ತಿ, "ಯಾರ್ರೀ ಮಾತಾಡೂದು? ನಮಗ ಸಾಲ ಬ್ಯಾಡ್ರೀ," ಅಂದಳು. ಅದೃಷ್ಟಕ್ಕೆ ಆವತ್ತು ದೋಣಿಯ ಸುದ್ದಿ, ನೀರಿನದಲ್ಲ. ಎರಡಕ್ಕೂ ತಿಂಗಳು ತಿಂಗಳು ರೀಚಾರ್ಜು ಬೇರೆ. "ಎರಡ ದೋಣ್ಯಾಗ ಕಾಲ ಇಡಬ್ಯಾಡ್ರಿ ಅಂತ ಊರಿಗೆಲ್ಲ ಹೇಳಾಕಿ ನಾನ. ನಾನ ಇಟ್ಟು ಕುಂತೇನಿ," ಎಂದು ಹಣೆ ಬಡಿದುಕೊಂಡು ಎರಡನೆಯ ಸಿಮ್ ಬಿಟ್ಟುಬಿಟ್ಟರು.

ಕೊನೆಗೆ ದಾರಿ ತೋರಿಸಿದವನು ದಾಂಡೇಲಿಯ ಫೋನ್ ರಿಪೇರಿ ಅಂಗಡಿಯ ಮುಜೀಬ. ಹೊಸದಕ್ಕೆ ಬೇಕಾದದ್ದು ಸಣ್ಣ ಸಿಮ್, ಹಳೆಯದಕ್ಕೆ ದೊಡ್ಡದು. ಮುಜೀಬ ಒಂದು ಪ್ಲಾಸ್ಟಿಕ್ ಚೌಕಟ್ಟು ಕೊಟ್ಟ. ಸಣ್ಣ ಸಿಮ್ಮನ್ನು ಅದರಲ್ಲಿ ಕೂರಿಸಿದರೆ ಹಳೆಯದಕ್ಕೂ ಆಗುತ್ತದೆ. ಹಾಗೆ ವಾರವಿಡೀ ಸಿಮ್ ಹಳೆಯ ಫೋನಿನಲ್ಲಿ, ಹೊಳೆಯ ಕೆಲಸಕ್ಕೆ. ಶುಕ್ರವಾರ ಬೆಳಗಿನ ಜಾವ ಅರ್ಧ ತಾಸು ಮಾತ್ರ ಹೊಸದರಲ್ಲಿ, ಮಗಳ ಮುಖಕ್ಕೆ. ಆ ಹೊತ್ತೇ ಯಾಕೆಂದರೆ, ನೀರು ಬರುವುದು ಏನಿದ್ದರೂ ಬಿಸಿಲೇರಿದ ಮೇಲೆ. ಇಷ್ಟು ವರ್ಷದಲ್ಲಿ ಅದು ಬೆಳಕು ಹರಿಯುವ ಮುಂಚೆ ಬಂದದ್ದಿಲ್ಲ.

ನಿನ್ನೆ ಮುಜೀಬನ ಅಂಗಡಿಗೂ ಹೋಗಿದ್ದೆ. ನೀನೇ ಹೇಳಪ್ಪ, ಯಾವುದು ಒಳ್ಳೆಯದು ಎಂದೆ. "ಹೊಸದ ಬೆಸ್ಟ್ ಸರ್. ಹಳೇ ನೆಟ್‌ವರ್ಕ್ ಇವತ್ತಲ್ಲ ನಾಳೆ ಬಂದ್ ಆಗತೈತಿ ಅಂತಾರ, ಗುಂಡಿ ಕೆಟ್ರ ಸ್ಪೇರ್ ಸಿಗಂಗಿಲ್ಲ. ಹುಸೇನಬಿ ಖಾಲಾಗ ಎಷ್ಟ ಸಲ ಹೇಳೇನಿ," ಎಂದು ಭಾಷಣ ಮಾಡುತ್ತಿರುವಾಗಲೇ ಅವನ ಕಿಸೆಯಲ್ಲಿ ಏನೋ ಕಿಣಿಕಿಣಿ ಎಂದಿತು. ತೆಗೆದ. ಗುಂಡಿಯ ಫೋನು! ನಾನು ನೋಡಿದೆ, ಅವನೂ ನೋಡಿದ. "ಇದು... ಬ್ಯಾಟರಿ ಭಾಳ ದಿನ ಬರತೈತ್ರಿ," ಎಂದು ಆ ಕಡೆ ತಿರುಗಿ ಮಾತಾಡಿದ.

ಶಿವವ್ವನ ತೀರ್ಪು ಇನ್ನೂ ಚೆನ್ನ. "ಹೊಸದನ್ನ ಹೊಳ್ಯಾಗ ಒಗದಬಿಡ ಅಂತ ಅವತ್ತ ಹೇಳೇನಿ," ಅಂದಳು. ಒಂದು ಗಳಿಗೆ ಬಿಟ್ಟು, "ಆದ್ರ ಶುಕ್ರವಾರ ನೀಲಂ ಮಾರಿ ನನಗೂ ಒಂದೀಟ ತೋರಿಸಾಕ ಹೇಳ್ರಿ. ನಾ ಎತ್ತಿ ಆಡ್ಸಿದ ಕೂಸದು," ಅಂದಳು. ಯಾರನ್ನು ಕೇಳಿದರೂ ಅರ್ಧ ಮಾತು ಆಚೆ ದಂಡೆಯದು, ಅರ್ಧ ಈಚೆಯದು. ಬರೆಯುವವನು ಏನು ಬರೆಯಬೇಕು?

ಚಕ್ರ ನಿಂತಿತು. ಗಾಜಿನ ಮೇಲೆ ನೀಲಂ.

"ಅಮ್ಮಾ, ಫೋನ್ ದೂರ ಹಿಡಿ. ಬರೇ ನಿನ್ನ ಮೂಗ ಕಾಣಾಕತ್ತೈತಿ."

ಹುಸೇನಬಿ ಎರಡೂ ಕೈಯಿಂದ ಫೋನನ್ನು ಹಿಡಿದು ದೂರ ಚಾಚುತ್ತಾರೆ, ತುಂಬಿದ ಬಟ್ಟಲು ಹಿಡಿದವರಂತೆ. ಎಲ್ಲೂ ಬೆರಳು ತಾಗಬಾರದು, ತಾಗಿದರೆ ಮಗಳು ಹೋಗುತ್ತಾಳೆ. ಉಂಡೆಯಾ, ನಿದ್ದೆ ಬಂತಾ, ರಫೀಕ ಹೆಂಗದಾನ, ಎಲ್ಲ ಆಯಿತು. ನೀಲಂ ಫೋನು ಕೆಳಗಿಳಿಸಿ ಹೊಟ್ಟೆ ತೋರಿಸಿದಳು. "ರಾತ್ರಿ ಎಲ್ಲಾ ಒದಿತೈತಿ, ಅಮ್ಮಾ." ಹುಸೇನಬಿ "ಒದೀಲಿ ಒದೀಲಿ, ಹುಟ್ಟು ಹಾಕಾಕ ಕಲ್ಯಾಕತ್ತೈತಿ," ಎಂದು ನಕ್ಕರು.

ಆಮೇಲೆ ನೀಲಂ ಕೇಳಿದಳು. ಪ್ರತಿ ಶುಕ್ರವಾರವೂ ಕೇಳುತ್ತಾಳಂತೆ. "ನೀ ಹೆರಿಗಿಗೆ ಬರ್ತಿ ಹೌದಿಲ್ಲೊ?"

ಹುಸೇನಬಿ ಹೊಳೆಯ ಕಡೆ ನೋಡಿದರು. "ದೋಣಿ ಐತೆವ್ವಾ..."

"ನಿನಗ ಯಾವಾಗ್ಲೂ ದೋಣಿನ ಐತಿ," ಅಂದಳು ನೀಲಂ. ಸಿಟ್ಟಿರಲಿಲ್ಲ, ಅದಕ್ಕೇ ಕೇಳಲು ಕಷ್ಟವಾಯಿತು. "ನನಗ ಅಂಜಿಕಿ ಬರತೈತಿ, ಅಮ್ಮಾ."

ಅಷ್ಟರಲ್ಲಿ ಮಗಳ ಮುಖದ ಮೇಲೆ ಪೀರಸಾಬರ ಮುಖ ಬಂತು. ಕೆಟಲು ಹಿಡಿದ ಅದೇ ಫೋಟೋ. ಫೋನು ಒಮ್ಮೆ ಗುಂಯ್ ಅಂದಿತು. ಪೀರಸಾಬರ ಮುಖ ಹೋಯಿತು.

ಒಂದು ರಿಂಗ್. ಈ ಹೊತ್ತಿನಲ್ಲಿ!

ಹುಸೇನಬಿ ಎದ್ದು ನಿಂತದ್ದು ನನಗೆ ಕಾಣಲೇ ಇಲ್ಲ, ನಿಂತಿದ್ದರು. ಮಂಜು ತೆಳ್ಳಗಾಗುತ್ತಿತ್ತು. ಆಚೆ ದಂಡೆಯಲ್ಲಿ, ಎಮ್ಮೆಬಂಡೆಯ ಮೇಲೆ ಶಿವವ್ವ ಬಗ್ಗಿ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ಹಿಂದಿನ ಮರಳಿನಲ್ಲಿ ಇನ್ನಿಬ್ಬರು ಹೆಂಗಸರು ಬುತ್ತಿ ಚೀಲ ಹಿಡಿದು ಕೂತಿದ್ದರು. ಹಳೆಯ ಫೋನು ಬೆನ್ನು ಬಿಚ್ಚಿಕೊಂಡು ನೆಲದ ಮೇಲಿತ್ತು. ಸಿಮ್ ಗಾಜಿನ ಫೋನಿನ ಹೊಟ್ಟೆಯಲ್ಲಿತ್ತು. ಹುಸೇನಬಿಯ ಹೆಬ್ಬೆರಳು ಗಾಜಿನ ಮೇಲೆ ಹೋಗಿ, ಅಲ್ಲೇ ನಿಂತಿತು. ತೇಪೆ ಹಾಕಿದ ದೋಣಿ ಕಣ್ಣೆದುರೇ ಇತ್ತು. ನಾನು ನನ್ನ ಫೋನು ತೆಗೆದೆ, ಕಡ್ಡಿಯಿಲ್ಲದ ಅದನ್ನು ದಡ್ಡನಂತೆ ನೋಡಿ ಮತ್ತೆ ಕಿಸೆಗೆ ಹಾಕಿದೆ.

"ಅಮ್ಮಾ, ಏನಾತು? ಅಮ್ಮಾ?" ಎಂದು ಗಾಜಿನೊಳಗಿಂದ ನೀಲಂ.

ಹುಸೇನಬಿ ಬೆರಳು ತೆಗೆದುಬಿಟ್ಟರು. ಬಾಯಿ ತೆರೆದರು. "ಏ ನೀಲಂ! ನೀರ ಬಂತು! ಶಿವವ್ವ ಬಂಡಿ ಮ್ಯಾಲ ಅದಾಳ! ನೀ ಹೊಡಿ, ಒಂದ ಹೊಡಿ!"

ಗಾಜು ಕಪ್ಪಾಯಿತು. ಮಗಳು ಹೋದಳು.

ಆಮೇಲೆ ಮಾಡಲು ಏನೂ ಇರಲಿಲ್ಲ, ದೋಣಿ ಬಿಟ್ಟರೆ ಅದನ್ನು ನೋಡಿ ಶಿವವ್ವ ಬಂಡೆಯ ಮೇಲೇ ಕಾಯುತ್ತಾಳೆ. ಹುಸೇನಬಿ ಮಾತ್ರ "ಓ ಶಿವವ್ವಾ, ಓ" ಎಂದು ಕೂಗುತ್ತಿದ್ದರು, ಕೇಳುವುದಿಲ್ಲ ಎಂದು ಗೊತ್ತಿದ್ದೂ ಕೂಗುತ್ತಿದ್ದರು. ಒಂದೊಂದೇ ನನ್ನ ತಲೆಗೆ ಬಂತು. ನೀಲಂಳ ನಂಬರು ಶಿವವ್ವನಿಗೆ ಗೊತ್ತು. ಆದರೆ ನೀಲಂ ಮಾಡಿದರೆ ಅದು ಮಾತಾಡುವ ಫೋನು, ಶಿವವ್ವ ಎತ್ತುತ್ತಾಳೆ, 'ಊಟ ಆತೇನು' ಶುರುವಾಗುತ್ತದೆ. ಇಲ್ಲವೇ ಆಮೇಲೆ ಮಾಡಿದರಾಯಿತು ಎಂದು ಬಿಟ್ಟುಬಿಡುತ್ತಾಳೆ.

ಆಚೆ ಶಿವವ್ವ ನೆಟ್ಟಗಾದಳು. ಸೊಂಟದಿಂದ ಫೋನು ತೆಗೆದಳು, ನೋಡಿದಳು. ಕಿವಿಗೆ ಇಡಲಿಲ್ಲ. ಈ ಕಡೆ ಒಮ್ಮೆ ನೋಡಿದಳು. ಕ್ಯಾನು ಎತ್ತಿಕೊಂಡಳು, ಮುಚ್ಚಳದಿಂದ ಢಣ ಢಣ ಬಡಿಯುತ್ತ ಮರಳು ದಾಟಿದಳು. ಕೂತಿದ್ದ ಇಬ್ಬರು ಹೆಂಗಸರೂ ಚೀಲ ಹಿಡಿದು ಅವಳ ಹಿಂದೆ ದಂಡೆ ಹತ್ತಿದರು. ಅವರ ಹೆಜ್ಜೆಯ ಗುರುತು ಮರಳಿನಲ್ಲಿ ಸ್ವಲ್ಪ ಹೊತ್ತು ಕಂಡಿತು. ಆಮೇಲೆ ಅಲ್ಲಿ ನೀರಿತ್ತು.

ಹುಸೇನಬಿ ಜಾಂಬಳ ಮರದ ಬೇರಿನ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು.

ನೀರು ಏರಿ ನಿಂತ ಮೇಲೆ, ಆಚೆ ದಂಡೆಯ ಎತ್ತರದ ಕಟ್ಟೆಯಿಂದ ದೋಣಿ ಹತ್ತಿಸಿ ಶಿವವ್ವನನ್ನು ಈಚೆ ಕರೆತಂದಾಗ ನಾನು ಕೇಳಿಯೇಬಿಟ್ಟೆ, ನಿಮಗೆ ಹೇಗೆ ತಿಳಿಯಿತು, ಅದು ನೀಲಂಳ ನಂಬರಲ್ಲವೇ?

"ನೀಲಂ ಯಾವತ್ತಿದ್ರೂ ಉದ್ದಕ ಹಚ್ಚಾಕಿ. ಎತ್ತೂ ತನಕ ಬಿಡಂಗಿಲ್ಲ," ಅಂದಳು ಶಿವವ್ವ, ಏನೂ ಆಗಿಲ್ಲವೆಂಬಂತೆ. "ಆಕಿ ಒಂದಕ್ಕ ಬಿಟ್ಟಾಳ ಅಂದ್ರ ನೀರಽ. ಇದ ದಂಡ್ಯಾಗ ಬೆಳದ ಕೂಸದು, ತಮಾಷಿಗೆ ಹೊಡಿತಾಳೇನು?" ಆಮೇಲೆ ಗೆಳತಿಯ ಕಡೆ ತಿರುಗಿ ಗದರಿದಳು. "ಏ ಹುಸೇನಬೀ, ಇನ್ನ ನೀ ಮಳಗಿಗೆ ಹೋಗು. ರುದ್ರೇಶ ದೋಣಿ ತಿರಗಿಸ್ಲಿ, ಗಿರಿಗಿರಿ ಆದ್ರೂ ದಂಡಿಗೆ ಮುಟ್ಟಸ್ತಾನ. ಪೀರಸಾಬ ನನಗ ಸೀದಾ ಹೊಡೀಲಿ. ಎಣಸಾಕ ನನಗೂ ಬರತೈತಿ."

ಹುಸೇನಬಿ ಹೊಸ ಫೋನು ಕೈಗೆತ್ತಿಕೊಂಡರು. ಪಿನ್ನು ತೆಗೆದು, ಸಿಮ್ ಬಾಯಿಗೆ ಹಾಕಿಕೊಂಡರು. ಅವರಿಗೆ ಉತ್ತರ ಕೊಡಲು ಇಷ್ಟವಿಲ್ಲದಾಗ ಇದೊಂದು ಒಳ್ಳೆಯ ಅನುಕೂಲ. ಚೌಕಟ್ಟಿನಲ್ಲಿ ಸಿಮ್ ಕೂರಿಸಿ, ಬ್ಯಾಟರಿ ಹಾಕಿ, ಹಳೆಯ ಫೋನಿನ ಬೆನ್ನು ಮುಚ್ಚಿದರು. ಕಡ್ಡಿ ಬಂತು.

ಈಗಲಾದರೂ ಹೇಳಿ ಅಕ್ಕಾರ, ಯಾವುದು ಒಳ್ಳೆಯದು ಎಂದು ನಾನೇ ಕೇಳಿದೆ.

"ತಿಳಿವಲ್ದು ನೋಡ್ರಿ. ಹಳೇದ ಕೈಯಾಗ ಇದ್ದಿದ್ರ ನಾನ ಹೊಡಿತಿದ್ದೆ, ಇಷ್ಟ ಗದ್ದಲ ಇರತಿರಲಿಲ್ಲ. ಹೊಸದ ಇದ್ದಿದ್ದಕ್ಕ ಆಕಿಗೆ ಹೇಳಾಕಾತು. ಹೊಸದ ಇದ್ದಿದ್ದಕ್ಕನ ನನಗ ಹೊಡ್ಯಾಕ ಆಗಲಿಲ್ಲ." ತಲೆ ಅಲ್ಲಾಡಿಸಿದರು. "ಮೊದಲಿಗಿಂತ ಈಗ ಹೆಚ್ಚ ಗೊಂದಲ ಆತು. ಆದ್ರ ಸಾಹೇಬ್ರ, ನೀವ ನೋಡಿದ್ರಲ್ಲ? ಅಲ್ಲಿ ಮಳಗಿಯಾಗ ಕುಂತು, ಆ ಹೊಟ್ಟಿ ಹೊತ್ಕೊಂಡು, ಒಂದ ಹೊಡದ ಬಿಟ್ಟಾಳ. ಬರೋಬ್ಬರಿ ಒಂದ."

ಆಗ ಅವರ ಕೈಯಲ್ಲಿದ್ದ ಹಳೆಯ ಫೋನು ಬಡಿದುಕೊಂಡಿತು. ಒಂದು ಸಲ. ಇನ್ನೊಂದು ಸಲ. ನಿಂತಿತು.

ಹುಸೇನಬಿ ಕೊನೆಯ ಎರಡು ಅಂಕಿ ನೋಡಿದರು. ತಿರುಗಿ ಫೋನು ಮಾಡಲಿಲ್ಲ. ಅದನ್ನು ಸೊಂಟದ ಸಂಚಿಗೆ ಸೇರಿಸಿ, ದೋಣಿಯಲ್ಲಿದ್ದ ಹುಟ್ಟನ್ನು ಎತ್ತಿ ಶಿವವ್ವನ ಕೈಗೆ ಕೊಟ್ಟರು.

"ರುದ್ರೇಶಗ ಕೊಡು. ತೇಪಿ ಇರೂ ಕಡೆ ಜ್ವಾಕಿ ಅಂತ ಹೇಳು," ಅಂದರು. ಆಮೇಲೆ ನನಗೆ ಅರ್ಥವಾಗಲಿಲ್ಲವೇನೋ ಎಂದು ಬಿಡಿಸಿ ಹೇಳಿದರು. "ನೀಲಂ ರೀ. ಎರಡ ಹೊಡದಾಳ, ಬಾ ಅಂತ. ಎರಡ ಹೊಡದ ಮ್ಯಾಲ ದಂಡಿಗೆ ಬಂದು ನಿಂತವ್ರನ್ನ ನಾ ಇವತ್ತಿನ ತನಕ ಬಿಟ್ಟ ಹೋಗಿಲ್ಲ. ನನ್ನ ಮಗಳನ್ನ ಬಿಡ್ತೇನೇನು?"